ಕೇಳಿದವರಿಗೇ ಬೇಡವಾದ ಉತ್ತರ: ಥಿಯೊಡೊರ್ ಮೆರಾನ್ ಮತ್ತು ಯುದ್ಧದ ಕಾನೂನು

1967ರ ಸೆಪ್ಟೆಂಬರ್. ಇಸ್ರೇಲಿಗೂ ನೆರೆಯ ಅರಬ್ ದೇಶಗಳಿಗೂ ನಡೆದ ಆರು ದಿನಗಳ ಯುದ್ಧ ಮುಗಿದು ಮೂರು ತಿಂಗಳಾಗಿತ್ತು. ಜೋರ್ಡಾನ್ ನದಿಯ ಪಶ್ಚಿಮ ದಂಡೆ, ಗಾಜಾ, ಸಿನಾಯ್, ಗೋಲಾನ್ ಗುಡ್ಡಗಳು, ಇಷ್ಟೂ ಇಸ್ರೇಲಿನ ಕೈಗೆ ಬಂದಿದ್ದವು. ಗೆದ್ದ ನೆಲದಲ್ಲಿ ನಮ್ಮ ಜನರನ್ನು ಕೂರಿಸೋಣವೇ ಎಂಬ ಮಾತು ಸಂಪುಟದ ಸುತ್ತಮುತ್ತ ಓಡಾಡತೊಡಗಿತ್ತು. ಪ್ರಧಾನಿ ಲೆವಿ ಎಶ್ಕೋಲ್ ಅವರ ಕಚೇರಿಯಿಂದ ವಿದೇಶಾಂಗ ಸಚಿವಾಲಯದ ಕಾನೂನು ಸಲಹೆಗಾರರಿಗೆ ಒಂದು ಪ್ರಶ್ನೆ ಹೋಯಿತು: ಹೀಗೆ ಮಾಡಿದರೆ ಅಂತಾರಾಷ್ಟ್ರೀಯ ಕಾನೂನು ಏನನ್ನುತ್ತದೆ?

ಸಲಹೆಗಾರರಿಗೆ ಆಗ 37 ವರ್ಷ. ಆ ಕುರ್ಚಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಹೆಸರು ಥಿಯೊಡೊರ್ ಮೆರಾನ್. ಸೆಪ್ಟೆಂಬರ್ 18ರಂದು ಅವರು ಕಳಿಸಿದ ಉತ್ತರದ ಮೇಲೆ ‘ಪರಮ ಗೋಪ್ಯ’ ಎಂಬ ಗುರುತಿತ್ತು. ಒಳಗಿದ್ದ ತೀರ್ಮಾನ ಒಂದೇ ಸಾಲಿನದು: ಆಡಳಿತಕ್ಕೆ ತೆಗೆದುಕೊಂಡ ಪ್ರದೇಶಗಳಲ್ಲಿ ನಾಗರಿಕರನ್ನು ನೆಲೆಗೊಳಿಸುವುದು ನಾಲ್ಕನೇ ಜಿನೀವಾ ಒಪ್ಪಂದದ ಸ್ಪಷ್ಟ ವಿಧಿಗಳಿಗೆ ವಿರುದ್ಧ.

ಸರ್ಕಾರಿ ವಕೀಲರ ಟಿಪ್ಪಣಿಗಳನ್ನು ಓದಿದವರಿಗೆ ಗೊತ್ತು, ಅವು ಸಾಮಾನ್ಯವಾಗಿ ಹಾವೂ ಸಾಯದ ಕೋಲೂ ಮುರಿಯದ ಧಾಟಿಯಲ್ಲಿರುತ್ತವೆ. ‘ಒಂದು ದೃಷ್ಟಿಯಿಂದ ನೋಡಿದರೆ’ ಎಂದು ಶುರುವಾಗಿ ‘ಆದಾಗ್ಯೂ’ ಎಂದು ಮುಗಿಯುತ್ತವೆ. ಮೆರಾನ್ ಅವರ ಟಿಪ್ಪಣಿ ಹಾಗಿರಲಿಲ್ಲ. ಅದನ್ನು ಸ್ವಲ್ಪ ಬಿಡಿಸಿ ನೋಡಿದರೆ ಯುದ್ಧದ ಕಾನೂನು ಹೇಗೆ ಕೆಲಸ ಮಾಡುತ್ತದೆ ಎಂಬುದೂ ಗೊತ್ತಾಗುತ್ತದೆ, ಮುಂದಿನ ಅರ್ಧ ಶತಮಾನ ಈ ಮನುಷ್ಯ ಏನು ಮಾಡಿದರು ಎಂಬುದರ ಸುಳಿವೂ ಸಿಗುತ್ತದೆ.

1949ರ ನಾಲ್ಕನೇ ಜಿನೀವಾ ಒಪ್ಪಂದ ಇರುವುದು ಯುದ್ಧಕಾಲದಲ್ಲಿ ಶತ್ರುವಿನ ಕೈಗೆ ಸಿಕ್ಕ ಸಾಮಾನ್ಯ ಜನರ ರಕ್ಷಣೆಗೆ. ಅದರ 49ನೇ ವಿಧಿಯ ಆರನೇ ಪ್ಯಾರಾ ಹೇಳುವುದು ಇಷ್ಟು: ಆಕ್ರಮಿಸಿಕೊಂಡ ದೇಶ ತನ್ನದೇ ನಾಗರಿಕರ ಒಂದು ಭಾಗವನ್ನು ಆಕ್ರಮಿತ ಪ್ರದೇಶಕ್ಕೆ ಸಾಗಿಸಬಾರದು, ವರ್ಗಾಯಿಸಬಾರದು. ಎರಡನೇ ಮಹಾಯುದ್ಧದಲ್ಲಿ ಕೆಲವು ದೇಶಗಳು ಗೆದ್ದ ನೆಲಕ್ಕೆ ತಮ್ಮ ಜನರನ್ನು ತಂದು ತುಂಬಿ ಅಲ್ಲಿಯವರನ್ನು ಮೂಲೆಗೆ ತಳ್ಳಿದ್ದವು. ಅದು ಮರುಕಳಿಸದಿರಲಿ ಎಂದೇ ಈ ಪ್ಯಾರಾ.

ಇದರಿಂದ ಜಾರಿಕೊಳ್ಳಲು ಸರ್ಕಾರದ ಬಳಿ ಒಂದು ವಾದವಿತ್ತು. ಪಶ್ಚಿಮ ದಂಡೆಯ ಮೇಲೆ ಜೋರ್ಡಾನಿನ ಹಕ್ಕನ್ನು ಜಗತ್ತು ಸರಿಯಾಗಿ ಒಪ್ಪಿರಲೇ ಇಲ್ಲ. ಹಾಗಾದ ಮೇಲೆ ಅದು ಇನ್ನೊಂದು ದೇಶದ ನೆಲವಲ್ಲ, ‘ಆಕ್ರಮಿತ’ ಎಂಬ ಪದವೇ ಹೊಂದುವುದಿಲ್ಲ. ಮೆರಾನ್ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ಈ ವಾದವನ್ನು ಹೊರಗಿನ ಯಾರೂ ಒಪ್ಪಲಾರರು ಎಂದು ಮೊದಲು ಹೇಳಿದರು. ಆಮೇಲೆ ಇಸ್ರೇಲಿನ ಸೇನೆ ಜೂನ್ 7ರಂದೇ ಹೊರಡಿಸಿದ್ದ ಆದೇಶವೊಂದನ್ನು ಮುಂದಿಟ್ಟರು. ಸೇನಾ ನ್ಯಾಯಾಲಯಗಳು ಜಿನೀವಾ ಒಪ್ಪಂದದ ವಿಧಿಗಳನ್ನು ಪಾಲಿಸಬೇಕು ಎಂದು ಆ ಆದೇಶದ 35ನೇ ಕಲಮು ಹೇಳುತ್ತಿತ್ತು. ಅಂದರೆ, ಇದು ಆಕ್ರಮಿತ ನೆಲ ಎಂದು ನಾವೇ ಬರೆದುಕೊಟ್ಟಾಗಿದೆ, ಈಗ ಅಲ್ಲ ಎಂದರೆ ಕೇಳುವವರು ಯಾರು?

ಇನ್ನೊಂದು ಮಾತನ್ನೂ ಅವರು ಸೇರಿಸಿದರು. ಈ ನಿಷೇಧಕ್ಕೆ ಷರತ್ತಿಲ್ಲ. ಯಾವ ಉದ್ದೇಶದಿಂದ ಜನರನ್ನು ಕರೆತಂದಿರಿ, ಗುರಿ ಏನು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಈ ವಾಕ್ಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಲ್ಲಿ ಯಾರನ್ನಾದರೂ ಇರಿಸಲೇಬೇಕು ಎಂದಾದರೆ ಸೇನೆಯ ಮೂಲಕ, ತಾತ್ಕಾಲಿಕ ಶಿಬಿರವಾಗಿ ಇರಲಿ ಎಂದೂ ಬರೆದರು.

ಸರ್ಕಾರ ಹಿಡಿದದ್ದು ಈ ಕೊನೆಯ ಎಳೆಯನ್ನು ಮಾತ್ರ. ಅದೇ ತಿಂಗಳು ಮುಗಿಯುವ ಮುನ್ನ ಪಶ್ಚಿಮ ದಂಡೆಯ ಕ್ಫಾರ್ ಎಟ್ಸಿಯೋನ್‌ನಲ್ಲಿ ಮೊದಲ ನೆಲೆ ಎದ್ದಿತು, ಸೇನೆಯ ಹೊರಠಾಣೆ ಎಂಬ ಹೆಸರಿನಲ್ಲಿ. ಟಿಪ್ಪಣಿ ಕಡತ ಸೇರಿತು. ಸುಮಾರು ನಲವತ್ತು ವರ್ಷಗಳ ನಂತರ ಇತಿಹಾಸಕಾರರು ಅದನ್ನು ಹೊರತೆಗೆದು ಸುದ್ದಿಯಾದಾಗ, ಇವತ್ತು ಕೇಳಿದರೂ ಅದೇ ಉತ್ತರ ಕೊಡುತ್ತಿದ್ದೆ ಎಂದರು ಮೆರಾನ್.

ಈ ಉತ್ತರ ಕೊಟ್ಟವರು ಎಲ್ಲಿಂದ ಬಂದವರು ಎಂಬುದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹುಟ್ಟಿದ್ದು 1930ರಲ್ಲಿ, ಪೋಲೆಂಡಿನ ಕಾಲಿಶ್ ಪಟ್ಟಣದ ಯಹೂದಿ ಮನೆಯಲ್ಲಿ. ಒಂಬತ್ತು ವರ್ಷವಾಗಿದ್ದಾಗ ಜರ್ಮನ್ ಸೇನೆ ಬಂತು. ಅಲ್ಲಿಂದ ಆರು ವರ್ಷ ಶಾಲೆಯಿಲ್ಲ; ಯಹೂದಿಗಳನ್ನು ಕೂಡಿಹಾಕುತ್ತಿದ್ದ ಘೆಟ್ಟೊಗಳು, ಆಮೇಲೆ ಚೆನ್‌ಸ್ಟೊಹೋವಾದ ದುಡಿಮೆ ಶಿಬಿರ. ಕುಟುಂಬದ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ ಹದಿನೈದರ ಹುಡುಗ ಪ್ಯಾಲೆಸ್ಟೀನಿಗೆ ಬಂದು, ಗೊತ್ತಿಲ್ಲದ ಭಾಷೆಯಲ್ಲಿ ಶಾಲೆಗೆ ಸೇರಿದ. ಕಳೆದುಹೋದ ಆ ಶಾಲಾ ವರ್ಷಗಳೇ ತಮಗೆ ಓದಿನ ಹಸಿವು ಹಚ್ಚಿದ್ದು ಎಂದು ಮೆರಾನ್ ಆಮೇಲೆ ಹೇಳಿಕೊಂಡಿದ್ದುಂಟು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ, ಹಾರ್ವರ್ಡ್, ಕೇಂಬ್ರಿಜ್. 1957ರಿಂದ ಇಸ್ರೇಲಿನ ವಿದೇಶಾಂಗ ಸೇವೆ.

ತನ್ನವರನ್ನೇ ಕಳೆದುಕೊಂಡವನು ತನ್ನವರ ಸರ್ಕಾರಕ್ಕೆ ‘ಇದು ತಪ್ಪು’ ಎನ್ನುವುದರಲ್ಲಿ ಅಚ್ಚರಿ ಕಾಣುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆಕ್ರಮಿತ ಊರಿನಲ್ಲಿ ಬದುಕುವುದು ಎಂದರೇನು ಎಂಬುದು ಆ ಸಚಿವಾಲಯದಲ್ಲಿ ಅವರಷ್ಟು ಗೊತ್ತಿದ್ದವರು ಎಷ್ಟು ಜನರಿದ್ದರೋ. ಆದರೆ ಟಿಪ್ಪಣಿಯಲ್ಲಿ ಅದರ ಸುಳಿವೂ ಇಲ್ಲ. ಅಲ್ಲಿರುವುದು ವಿಧಿ, ಪ್ಯಾರಾ, ಕಲಮು ಮಾತ್ರ.

ಯುದ್ಧಕ್ಕೂ ಕಾನೂನು ಇದೆ ಎಂದರೆ ನಗುವವರೇ ಹೆಚ್ಚು. ಕೊಲ್ಲುವುದಕ್ಕೆ ಎಂಥ ನಿಯಮ? ಆದರೆ ಗದಾಯುದ್ಧದ ಪ್ರಸಂಗವನ್ನು ಬಯಲಾಟದಲ್ಲೋ ಗಮಕದಲ್ಲೋ ಕಂಡು ಕೇಳಿ ಬೆಳೆದ ನಮಗೆ ಇದು ಅಷ್ಟು ಹೊಸದೇನಲ್ಲ. ಭೀಮ ದುರ್ಯೋಧನನ ತೊಡೆಗೆ ಹೊಡೆದಾಗ ಬಲರಾಮ ಕೆಂಡವಾಗುತ್ತಾನೆ. ಪಾಂಡವರ ಕಡೆ ನ್ಯಾಯವಿತ್ತೇ ಎಂಬುದು ಒಂದು ಪ್ರಶ್ನೆ. ನಾಭಿಯ ಕೆಳಗೆ ಗದೆ ಬೀಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎಂದು ಉತ್ತರ ಸಿಕ್ಕ ಮಾತ್ರಕ್ಕೆ ಎರಡನೆಯದು ಮನ್ನಾ ಆಗುವುದಿಲ್ಲ.

ಅಂತಾರಾಷ್ಟ್ರೀಯ ಕಾನೂನು ನಿಂತಿರುವುದೂ ಇದೇ ಸೀಳಿನ ಮೇಲೆ. ಯುದ್ಧಕ್ಕೆ ಇಳಿಯಬಹುದೇ ಎಂಬುದನ್ನು ನೋಡುವ ಕಾನೂನು ಬೇರೆ, ಅದು ಮುಖ್ಯವಾಗಿ ವಿಶ್ವಸಂಸ್ಥೆಯ ಸನ್ನದಿನಲ್ಲಿದೆ. ಇಳಿದ ಮೇಲೆ ಹೇಗೆ ಹೋರಾಡಬೇಕು ಎಂಬುದರ ಕಾನೂನು ಬೇರೆ, ಅದು ಜಿನೀವಾ ಮತ್ತು ಹೇಗ್ ಒಪ್ಪಂದಗಳಲ್ಲಿದೆ. ದಾಳಿ ಮಾಡಿದವನೂ ದಾಳಿಗೆ ಒಳಗಾದವನೂ ಈ ಎರಡನೆಯದಕ್ಕೆ ಸಮಾನವಾಗಿ ಬದ್ಧರು. ಟಿವಿ ಚರ್ಚೆಗಳಲ್ಲಿ ‘ಮೊದಲು ಶುರು ಮಾಡಿದ್ದು ಯಾರು’ ಎಂದು ಕೂಗಿ ಬಾಯಿ ಮುಚ್ಚಿಸುವವರು ಈ ಎರಡನ್ನೂ ಕಲಸಿಬಿಡುತ್ತಾರೆ.

1977ರ ಹೊತ್ತಿಗೆ ಮೆರಾನ್ ಸರ್ಕಾರಿ ಸೇವೆ ಬಿಟ್ಟು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮುಂದೆ ಅಮೆರಿಕದ ಪೌರತ್ವವನ್ನೂ ಪಡೆದರು. ನಿಜವಾದ ಪಾಂಡಿತ್ಯದ ಕೆಲಸ ಶುರುವಾದದ್ದು ಇಲ್ಲಿಂದ, ಮತ್ತು ಅದರ ಬಹುಪಾಲು ಒಂದೇ ಗಂಟಿನ ಸುತ್ತ ಸುತ್ತುತ್ತದೆ. ‘ವಾಡಿಕೆ ಕಾನೂನು’ ಎಂಬ ಗಂಟು.

ಒಪ್ಪಂದ ಎಂದರೆ ಸಹಿ ಹಾಕಿದವರಿಗೆ ಮಾತ್ರ. ಸಹಿ ಹಾಕದವರೂ ಪಾಲಿಸಬೇಕಾದ ನಿಯಮ ಇದೆಯೇ? ಇದೆ, ಅದೇ ವಾಡಿಕೆಯಿಂದ ಹುಟ್ಟಿದ ಕಾನೂನು. ಆದರೆ ಬರೀ ರೂಢಿ ಎಲ್ಲಿ ಮುಗಿಯುತ್ತದೆ, ಕಾನೂನು ಎಲ್ಲಿ ಶುರುವಾಗುತ್ತದೆ? ನಮ್ಮ ಊರಿನದೇ ಲೆಕ್ಕ ತೆಗೆದುಕೊಳ್ಳಿ. ಯುಗಾದಿಗೆ ಒಬ್ಬಟ್ಟು ಮಾಡುವುದು ವಾಡಿಕೆ. ಕೆರೆಯ ತೂಬಿನಿಂದ ನೀರುಗಂಟಿ ಹೇಳಿದ ಸರದಿಯಂತೆ ಗದ್ದೆಗೆ ನೀರು ಬಿಟ್ಟುಕೊಳ್ಳುವುದೂ ವಾಡಿಕೆ. ಎರಡೂ ಎಲ್ಲಿಯೂ ಬರೆದಿಲ್ಲ. ಆದರೆ ಒಬ್ಬಟ್ಟು ಮಾಡದ ಮನೆಯ ಮೇಲೆ ಯಾರೂ ಪಂಚಾಯ್ತಿ ಸೇರಿಸುವುದಿಲ್ಲ. ರಾತ್ರೋರಾತ್ರಿ ತೂಬು ಎತ್ತಿದವನ ಮೇಲೆ ಸೇರಿಸುತ್ತಾರೆ. ಎಲ್ಲರೂ ಹಾಗೆ ನಡೆದುಕೊಳ್ಳುತ್ತಾರೆ ಎಂಬುದು ಸಾಲದು, ಹಾಗೆ ನಡೆದುಕೊಳ್ಳಲೇಬೇಕು ಎಂಬ ಭಾವನೆಯೂ ಇರಬೇಕು. ದೇಶಗಳ ನಡುವೆಯೂ ಇದೇ ಪರೀಕ್ಷೆ.

ಯುದ್ಧದ ವಿಷಯದಲ್ಲಿ ಈ ಪರೀಕ್ಷೆ ವಿಚಿತ್ರವಾಗಿ ಎಡವುತ್ತದೆ. ದೇಶಗಳು ಹೇಳುವುದೊಂದು, ಮಾಡುವುದೊಂದು. ಕೈದಿಗಳನ್ನು ಹಿಂಸಿಸಬಾರದು ಎಂದು ಎಲ್ಲರೂ ಹೇಳುತ್ತಾರೆ, ಹಲವರು ಹಿಂಸಿಸುತ್ತಾರೆ. ಹಾಗಾದರೆ ಆ ನಿಯಮ ವಾಡಿಕೆಯಾಗಿದೆಯೋ ಇಲ್ಲವೋ? ಇನ್ನೊಂದು ತೊಡಕೂ ಇದೆ. ಜಿನೀವಾ ಒಪ್ಪಂದಕ್ಕೆ ಜಗತ್ತಿನ ಹೆಚ್ಚುಕಮ್ಮಿ ಎಲ್ಲ ದೇಶಗಳೂ ಸೇರಿಬಿಟ್ಟ ಮೇಲೆ, ಹೊರಗುಳಿದವರ ನಡತೆ ಹೇಗಿದೆ ಎಂದು ನೋಡಲು ಹೊರಗೆ ಯಾರೂ ಉಳಿಯುವುದಿಲ್ಲ. ಒಪ್ಪಂದ ಗೆದ್ದಷ್ಟೂ ವಾಡಿಕೆಯನ್ನು ತೋರಿಸಿಕೊಡುವುದು ಕಷ್ಟ. 1986ರಲ್ಲಿ ನಿಕರಾಗುವಾ ಪ್ರಕರಣದಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಜಿನೀವಾ ಒಪ್ಪಂದಗಳ ಕೆಲವು ವಿಧಿಗಳು ಎಲ್ಲರನ್ನೂ ಕಟ್ಟುತ್ತವೆ ಎಂದಿತು, ಆದರೆ ಅದು ಹೇಗೆ ಎಂದು ವಿವರಿಸುವ ಗೋಜಿಗೆ ಹೋಗಲಿಲ್ಲ. ಮರುವರ್ಷವೇ ಮೆರಾನ್ ಬರೆದ ಲೇಖನ ಈ ಕೊರತೆಯನ್ನು ಎತ್ತಿ ಆಡಿತು. ತೀರ್ಪಿನ ಕೊನೆ ಅವರಿಗೆ ಹಿಡಿಸಿತ್ತು, ದಾರಿ ಹಿಡಿಸಿರಲಿಲ್ಲ. 1989ರಲ್ಲಿ ಇದನ್ನೇ ಪುಸ್ತಕವಾಗಿ ಬೆಳೆಸಿದರು.

ಇದೆಲ್ಲ ಪಂಡಿತರ ಕಾಲಕ್ಷೇಪ ಎನ್ನಿಸಬಹುದು. 1993ರ ತನಕ ನನಗೂ ಹಾಗೇ ಅನ್ನಿಸುತ್ತಿತ್ತೇನೋ. ಆ ವರ್ಷ ಮೇ 25ರಂದು ಭದ್ರತಾ ಮಂಡಳಿ ಹಿಂದಿನ ಯುಗೊಸ್ಲಾವಿಯದ ಅಪರಾಧಗಳ ವಿಚಾರಣೆಗೆ ಹೇಗ್ ನಗರದಲ್ಲಿ ನ್ಯಾಯಮಂಡಳಿ ಸ್ಥಾಪಿಸಿತು. ಅಪರಾಧ ನಡೆದ ಮೇಲೆ ಕಾನೂನು ಮಾಡಿ ಶಿಕ್ಷಿಸುವುದು ಅನ್ಯಾಯ. ಆದ್ದರಿಂದ ವಾಡಿಕೆ ಕಾನೂನಿನ ಭಾಗವೆಂದು ಎಳ್ಳಷ್ಟೂ ಸಂಶಯವಿಲ್ಲದ ನಿಯಮಗಳನ್ನು ಮಾತ್ರ ಈ ಮಂಡಳಿ ಬಳಸಬೇಕು ಎಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ತಮ್ಮ ವರದಿಯಲ್ಲಿ ಹೇಳಿದ್ದರು. ಹೀಗಾಗಿ ಯಾವುದು ವಾಡಿಕೆ, ಯಾವುದಲ್ಲ ಎಂಬ ಪ್ರಶ್ನೆ ರಾತ್ರಿ ಬೆಳಗಾಗುವುದರೊಳಗೆ ಮನುಷ್ಯರನ್ನು ಜೈಲಿಗೆ ಕಳಿಸುವ, ಬಿಡುಗಡೆ ಮಾಡುವ ಪ್ರಶ್ನೆಯಾಯಿತು. ಹತ್ತಾರು ವರ್ಷ ಅದನ್ನೇ ಅಗೆಯುತ್ತಿದ್ದವರಿಗೆ ಒಮ್ಮೆಲೇ ಬೇಡಿಕೆ ಬಂತು.

ಆಗ ಮೆರಾನ್ ಬರೆದ ಎರಡು ಲೇಖನಗಳ ಬಗ್ಗೆ ಹೇಳಬೇಕು. ಒಂದು 1993ರದು, ಅತ್ಯಾಚಾರದ ಕುರಿತು. ಬೊಸ್ನಿಯಾದಲ್ಲಿ ಹೆಣ್ಣುಮಕ್ಕಳ ಮೇಲೆ ಏನು ನಡೆಯುತ್ತಿದೆ ಎಂಬ ವರದಿಗಳು ಬರುತ್ತಿದ್ದ ಕಾಲ. ನಾಲ್ಕನೇ ಜಿನೀವಾ ಒಪ್ಪಂದದ 27ನೇ ವಿಧಿ ಅತ್ಯಾಚಾರವನ್ನು ಹೆಸರಿಸಿಯೇ ನಿಷೇಧಿಸಿದೆ. ಆದರೆ ಅದೇ ಒಪ್ಪಂದದ ‘ಗಂಭೀರ ಉಲ್ಲಂಘನೆ’ಗಳ ಪಟ್ಟಿಯಲ್ಲಿ ಆ ಪದವಿಲ್ಲ, ಮತ್ತು ಕ್ರಿಮಿನಲ್ ಮೊಕದ್ದಮೆಗೆ ದಾರಿ ಮಾಡುವುದು ಆ ಪಟ್ಟಿ. ಪಟ್ಟಿಯಲ್ಲಿರುವ ‘ಚಿತ್ರಹಿಂಸೆ’, ‘ಅಮಾನವೀಯ ವರ್ತನೆ’, ‘ಉದ್ದೇಶಪೂರ್ವಕ ತೀವ್ರ ಯಾತನೆ’ ಎಂಬ ಮಾತುಗಳೊಳಗೇ ಅತ್ಯಾಚಾರ ಬರುತ್ತದೆ, ಹಾಗೆಯೇ ಓದಬೇಕು ಎಂಬುದು ಮೆರಾನ್ ಅವರ ವಾದ. ಇಂದು ಇದು ಪ್ರಶ್ನೆಯೇ ಅಲ್ಲ. ಅಂದು ಬಿಡಿಬಿಡಿಸಿ ಹೇಳಬೇಕಾಗಿತ್ತು.

ಎರಡನೆಯದು 1995ರದು, ಒಳಯುದ್ಧಗಳ ಕುರಿತು. ಯುದ್ಧದ ಕಾನೂನು ಬೆಳೆದದ್ದು ದೇಶ ದೇಶಗಳ ನಡುವಿನ ಕಾಳಗಕ್ಕಾಗಿ. ಒಂದು ದೇಶದ ಒಳಗೇ ಸರ್ಕಾರಕ್ಕೂ ಬಂಡುಕೋರರಿಗೂ ನಡೆಯುವ ಯುದ್ಧಕ್ಕೆ ನಾಲ್ಕೂ ಜಿನೀವಾ ಒಪ್ಪಂದಗಳಲ್ಲಿ ಇರುವುದು ಒಂದೇ ವಿಧಿ, ಎಲ್ಲದರಲ್ಲೂ ಒಂದೇ ರೀತಿ ಬರುವ 3ನೇ ವಿಧಿ. ಶರಣಾದವರನ್ನು ಕೊಲ್ಲಬೇಡಿ, ಹಿಂಸಿಸಬೇಡಿ, ಒತ್ತೆಯಾಳು ಮಾಡಿಕೊಳ್ಳಬೇಡಿ, ವಿಚಾರಣೆಯಿಲ್ಲದೆ ಶಿಕ್ಷಿಸಬೇಡಿ ಎನ್ನುತ್ತದೆ. ಮುರಿದರೆ ಯಾರಿಗೆ ಯಾವ ಶಿಕ್ಷೆ ಎಂದು ಹೇಳುವುದಿಲ್ಲ. ಯಾವ ಸರ್ಕಾರಕ್ಕೆ ತಾನೇ ತನ್ನ ಮನೆಯ ಜಗಳದಲ್ಲಿ ಹೊರಗಿನವರು ಮೂಗು ತೂರಿಸುವುದು ಬೇಕು? ಭಾರತವೂ ಇದಕ್ಕೆ ಹೊರತಲ್ಲ. 1950ರಲ್ಲೇ ನಾಲ್ಕು ಒಪ್ಪಂದಗಳಿಗೆ ಸೇರಿ, 1960ರಲ್ಲಿ ಅದಕ್ಕಾಗಿ ಕಾಯಿದೆಯನ್ನೂ ಮಾಡಿದ ನಾವು, ಒಳಯುದ್ಧಗಳ ನಿಯಮವನ್ನು ವಿಸ್ತರಿಸಿದ 1977ರ ಎರಡನೇ ಪ್ರೊಟೊಕಾಲ್‌ನಿಂದ ಇಂದಿಗೂ ದೂರ ಇದ್ದೇವೆ.

ಊರಿನ ಒಂದು ಗುಂಪು ಇನ್ನೊಂದು ಗುಂಪನ್ನು ಕೊಂದರೆ ಅದು ಯುದ್ಧಾಪರಾಧವೇ ಅಲ್ಲವೇ ಎಂಬುದು ಗಡಿಗೆರೆ ಎಲ್ಲಿದೆ ಎಂಬುದರ ಮೇಲೆ ನಿಲ್ಲಬಾರದು ಎಂದರು ಮೆರಾನ್. ಶಿಕ್ಷೆಯ ಮಾತು ವಿಧಿಯಲ್ಲಿಲ್ಲ ಎಂದ ಮಾತ್ರಕ್ಕೆ ಅಪರಾಧವಲ್ಲ ಎಂದಾಗುವುದಿಲ್ಲ; ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ ಶಿಕ್ಷೆಯಾದದ್ದೂ ಶಿಕ್ಷೆಯ ಉಲ್ಲೇಖವೇ ಇಲ್ಲದ ಹೇಗ್ ನಿಯಮಗಳನ್ನು ಮುರಿದದ್ದಕ್ಕೆ. ಅದೇ ವರ್ಷ ಅಕ್ಟೋಬರ್ 2ರಂದು ದುಸ್ಕೊ ತಾದಿಚ್ ಎಂಬವನ ಪ್ರಕರಣದಲ್ಲಿ, ಇಟಲಿಯ ಆಂಟೊನಿಯೊ ಕಸ್ಸೇಸೆ ಅವರ ಅಧ್ಯಕ್ಷತೆಯ, ಹೇಗ್ ನ್ಯಾಯಮಂಡಳಿಯ ಮೇಲ್ಮನವಿ ಪೀಠ ಇದನ್ನೇ ಎತ್ತಿಹಿಡಿಯಿತು. ಒಳಯುದ್ಧದಲ್ಲೂ ಯುದ್ಧಾಪರಾಧ ಉಂಟು ಎಂಬುದು ಅಲ್ಲಿಂದ ನೆಲೆ ನಿಂತಿತು.

ಈ ನಡುವೆ ಅವರು ಶೇಕ್ಸ್‌ಪಿಯರ್ ಕುರಿತೂ ಎರಡು ಪುಸ್ತಕ ಬರೆದರು. ಐದನೇ ಹೆನ್ರಿಯ ನಾಟಕದಲ್ಲಿ ರಾಜ 1415ರ ಅಜಿನ್‌ಕೋರ್ಟ್ ಕದನದ ನಡುವೆ ಸೆರೆಸಿಕ್ಕ ಫ್ರೆಂಚರನ್ನು ಕೊಲ್ಲಿ ಎಂದು ಆಜ್ಞೆ ಮಾಡುತ್ತಾನೆ. ಆ ಕಾಲದ ಕ್ಷಾತ್ರ ನಿಯಮದ ಪ್ರಕಾರ ಅದು ಸರಿಯೇ, ತುರ್ತು ಎಂಬ ಸಮಜಾಯಿಷಿ ನಿಲ್ಲುತ್ತದೆಯೇ ಎಂದು ಮೆರಾನ್ ಮೊಕದ್ದಮೆ ನಡೆಸಿದಂತೆ ವಿಚಾರಿಸುತ್ತಾರೆ. ಮೊದಲ ಪುಸ್ತಕ ಬಂದದ್ದು 1993ರಲ್ಲಿ, ಬೊಸ್ನಿಯಾ ಉರಿಯುತ್ತಿದ್ದಾಗ. ಕೈದಿಗಳ ಪ್ರಶ್ನೆ ಐನೂರು ವರ್ಷ ಹಳೆಯದಾಗಿರಲಿಲ್ಲ.

2001ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಅದೇ ಹೇಗ್ ನ್ಯಾಯಮಂಡಳಿಯ ನ್ಯಾಯಾಧೀಶರಾದರು. 2003ರಿಂದ 2005ರವರೆಗೂ, ಮತ್ತೆ 2011ರಿಂದ 2015ರವರೆಗೂ ಅದರ ಅಧ್ಯಕ್ಷರು. ಪುಸ್ತಕದಲ್ಲಿ ಬರೆದದ್ದನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಹೊತ್ತು.

ಮೊದಲ ದೊಡ್ಡ ತೀರ್ಪು ಸ್ರೆಬ್ರೆನಿತ್ಸಾದ್ದು. 1995ರ ಜುಲೈನಲ್ಲಿ ಬೊಸ್ನಿಯಾದ ಸರ್ಬ್ ಸೇನೆ ಆ ಊರನ್ನು ಹಿಡಿದು ಏಳೆಂಟು ಸಾವಿರ ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದಿತ್ತು. ಆ ಪ್ರದೇಶದ ಡ್ರಿನಾ ದಳದ ದಂಡನಾಯಕ ರಾದಿಸ್ಲಾವ್ ಕ್ರಸ್ಟಿಚ್‌ಗೆ ನರಮೇಧದ ಅಪರಾಧಕ್ಕಾಗಿ 46 ವರ್ಷ ಶಿಕ್ಷೆಯಾಗಿತ್ತು. ಮೇಲ್ಮನವಿಯಲ್ಲಿ ಅವನ ವಕೀಲರ ವಾದ: ಬೊಸ್ನಿಯಾದ ಮುಸ್ಲಿಮರು ಲಕ್ಷಾಂತರ, ಸ್ರೆಬ್ರೆನಿತ್ಸಾದಲ್ಲಿ ಇದ್ದವರು ನಲವತ್ತು ಸಾವಿರದಷ್ಟು, ಹೆಂಗಸರನ್ನೂ ಮಕ್ಕಳನ್ನೂ ಬಸ್ಸಿನಲ್ಲಿ ಕಳಿಸಿಕೊಟ್ಟರಲ್ಲ, ಇದು ಒಂದು ಸಮುದಾಯವನ್ನೇ ನಾಶಮಾಡುವ ಸಂಚು ಹೇಗಾಯಿತು?

ನರಮೇಧದ ವ್ಯಾಖ್ಯೆಯಲ್ಲಿ ‘ಪೂರ್ತಿಯಾಗಿ ಅಥವಾ ಭಾಗಶಃ’ ಎಂಬ ಮಾತಿದೆ. ಎಷ್ಟಿದ್ದರೆ ‘ಭಾಗ’? 2004ರ ಏಪ್ರಿಲ್ 19ರಂದು ಮೆರಾನ್ ಅಧ್ಯಕ್ಷತೆಯ ಪೀಠ ಹೇಳಿತು: ತಲೆ ಎಣಿಸಿದರೆ ಸಾಲದು, ಆ ಭಾಗಕ್ಕೆ ಇಡೀ ಸಮುದಾಯದ ಬದುಕಿನಲ್ಲಿ ಇರುವ ತೂಕ ನೋಡಬೇಕು. ಸ್ರೆಬ್ರೆನಿತ್ಸಾ ಆಯಕಟ್ಟಿನ ಜಾಗ; ವಿಶ್ವಸಂಸ್ಥೆಯೇ ‘ಸುರಕ್ಷಿತ ಪ್ರದೇಶ’ ಎಂದು ಘೋಷಿಸಿದ್ದ ಊರು; ಅದು ಅಳಿದರೆ ಉಳಿದ ಮುಸ್ಲಿಮರಿಗೆಲ್ಲ ನಿಮಗೂ ಇದೇ ಗತಿ ಎಂದು ಸಾರಿದಂತೆ. ಇಡೀ ಊರಿನ ಗಂಡಸರನ್ನು ಅಳಿಸಿದರೆ ಆ ಸಮಾಜ ಮತ್ತೆ ಹುಟ್ಟುವುದೂ ಇಲ್ಲ. ಹಾಗಾಗಿ ಇದು ನರಮೇಧ.

ಆದರೆ ಅದೇ ತೀರ್ಪಿನ ಇನ್ನರ್ಧವನ್ನು ಜನ ಮರೆಯುತ್ತಾರೆ. ಸಮುದಾಯವನ್ನು ನಾಶ ಮಾಡಬೇಕೆಂಬ ಉದ್ದೇಶ ಸ್ವತಃ ಕ್ರಸ್ಟಿಚ್‌ಗೆ ಇತ್ತು ಎಂಬುದು ಸಾಬೀತಾಗಿಲ್ಲ, ಆ ಉದ್ದೇಶ ಇದ್ದವರು ಅವನ ಸೈನಿಕರನ್ನೂ ವಾಹನಗಳನ್ನೂ ಬಳಸುತ್ತಿದ್ದಾರೆಂದು ಗೊತ್ತಿದ್ದೂ ಬಿಟ್ಟ, ಆದ್ದರಿಂದ ಅವನು ನೆರವು ಕೊಟ್ಟವನು ಮಾತ್ರ ಎಂದು ಪೀಠ ಶಿಕ್ಷೆಯನ್ನು 35 ವರ್ಷಕ್ಕೆ ಇಳಿಸಿತು. ಎರಡು ತಿಂಗಳ ನಂತರ ಮೆರಾನ್ ಪೊಟೊಚಾರಿಯ ಸಮಾಧಿ ಬಯಲಿಗೆ ಹೋಗಿ ಮಾತನಾಡಿದರು, ಅಲ್ಲಿ ನಡೆದದ್ದು ನರಮೇಧವೇ ಎಂದು.

ಎಂಟು ವರ್ಷ ಬಿಟ್ಟು ಬಂದ ಎರಡು ತೀರ್ಪುಗಳು ಅವರ ಹೆಸರಿಗೆ ಅಂಟಿದ ಬಗೆ ಬೇರೆ.

ಮೊದಲನೆಯದು ಕ್ರೊಯೇಷಿಯದ ಜನರಲ್ ಆಂಟೆ ಗೊಟೊವಿನಾ ಅವರದು. 1995ರ ಆಗಸ್ಟಿನಲ್ಲಿ ಸರ್ಬರ ಹಿಡಿತದಲ್ಲಿದ್ದ ಕ್ನಿನ್ ಮುಂತಾದ ಪಟ್ಟಣಗಳ ಮೇಲೆ ಕ್ರೊಯೇಷಿಯ ಫಿರಂಗಿ ದಾಳಿ ನಡೆಸಿತು, ಲಕ್ಷಕ್ಕೂ ಹೆಚ್ಚು ಸರ್ಬರು ಊರು ಬಿಟ್ಟು ಓಡಿದರು. ದಾಳಿ ಸೇನಾ ಗುರಿಗಳ ಮೇಲೋ, ಜನರನ್ನು ಹೆದರಿಸಿ ಓಡಿಸಲಿಕ್ಕೋ? ಕೆಳ ಪೀಠ ಅಳತೆಗೆ ಇಳಿಯಿತು. ಒಂದೊಂದು ಶೆಲ್ ಬಿದ್ದ ಜಾಗ ಹಿಡಿದು, ಹತ್ತಿರದ ಸೇನಾ ಗುರಿಯಿಂದ 200 ಮೀಟರ್ ಒಳಗಿದ್ದರೆ ಗುರಿಗೆ ಇಟ್ಟದ್ದು, ಆಚೆಗಿದ್ದರೆ ನಾಗರಿಕರಿಗೆ ಇಟ್ಟದ್ದು ಎಂದು ವಿಂಗಡಿಸಿತು. ಗೊಟೊವಿನಾಗೆ 24 ವರ್ಷ ಕೊಟ್ಟಿತು. ಈ 200 ಎಂಬ ಅಂಕಿ ಎಲ್ಲಿಂದ ಬಂತು? ಯಾವ ಸಾಕ್ಷಿಯೂ ಅದನ್ನು ಹೇಳಿರಲಿಲ್ಲ. ಆ ಅಳತೆ ನಿಲ್ಲುವುದಿಲ್ಲ ಎಂಬುದರಲ್ಲಿ ಮೇಲ್ಮನವಿ ಪೀಠದ ಐವರಿಗೂ ಒಮ್ಮತವಿತ್ತು. ಭಿನ್ನವಾದದ್ದು ಮುಂದಿನ ಹೆಜ್ಜೆಯಲ್ಲಿ. ಅಳತೆ ಬಿದ್ದರೆ ಇಡೀ ಮೊಕದ್ದಮೆಯೇ ಬಿತ್ತು ಎಂದರು ಮೆರಾನ್ ಸೇರಿ ಮೂವರು. ಅಳತೆ ಹೋದರೂ ಪಟ್ಟಣಗಳ ಮೇಲೆಯೇ ಫಿರಂಗಿ ಹಾರಿಸಿ ಎಂಬ ಆದೇಶವೂ ಬೇರೆ ಸಾಕ್ಷ್ಯಗಳೂ ಇವೆಯಲ್ಲ ಎಂದರು ಇಬ್ಬರು. 2012ರ ನವೆಂಬರ್ 16ರಂದು 3–2ರಲ್ಲಿ ಖುಲಾಸೆ.

ಎರಡನೆಯದು ಮೂರು ತಿಂಗಳ ನಂತರದ್ದು. ಮೊಮ್ಚಿಲೊ ಪೆರಿಶಿಚ್ ಬೆಲ್‌ಗ್ರೇಡ್‌ನಲ್ಲಿ ಕುಳಿತಿದ್ದ ಯುಗೊಸ್ಲಾವ್ ಸೇನೆಯ ಮುಖ್ಯಸ್ಥ. ಬೊಸ್ನಿಯಾದ ಸರ್ಬ್ ಸೇನೆಗೆ ಮದ್ದುಗುಂಡು, ಇಂಧನ, ಆಳುಗಳನ್ನು ಕಳಿಸಿದವನು. ಅಲ್ಲಿನ ಅಧಿಕಾರಿಗಳ ಸಂಬಳವೂ ‘30ನೇ ಸಿಬ್ಬಂದಿ ಕೇಂದ್ರ’ ಎಂಬ ಕಚೇರಿಯ ಮೂಲಕ ಬೆಲ್‌ಗ್ರೇಡ್‌ನಿಂದಲೇ ಬಟವಾಡೆ ಆಗುತ್ತಿತ್ತು. ಆ ಸೇನೆ ತಾನು ಮುತ್ತಿಗೆ ಹಾಕಿದ್ದ ಬೊಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ ಏನು ಮಾಡುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಕೆಳ ಪೀಠ 27 ವರ್ಷ ಕೊಟ್ಟಿತ್ತು.

ಮೇಲ್ಮನವಿಯಲ್ಲಿ ಹೊಸ ಪ್ರಶ್ನೆ ಎದ್ದಿತು. ಸೇನೆಯೊಂದು ಯುದ್ಧವನ್ನೂ ಮಾಡುತ್ತದೆ, ಅಪರಾಧವನ್ನೂ ಮಾಡುತ್ತದೆ. ಯುದ್ಧಕ್ಕೆಂದು ಕೊಟ್ಟ ನೆರವಿನ ಒಂದಂಶ ಅಪರಾಧಕ್ಕೆ ಹೋದರೆ ಕೊಟ್ಟವನು ಅಪರಾಧಿಯೇ? ಮೆರಾನ್ ಅಧ್ಯಕ್ಷತೆಯ ಪೀಠದ ಬಹುಮತ ಹೇಳಿತು: ಅಪರಾಧ ನಡೆದ ಜಾಗದಿಂದ ದೂರ ಇದ್ದವನ ವಿಷಯದಲ್ಲಿ, ಆ ನೆರವು ಅಪರಾಧದ ಕಡೆಗೇ ನೇರವಾಗಿ ಗುರಿಯಿಟ್ಟದ್ದು ಎಂದು ತೋರಿಸಬೇಕು. ತೋರಿಸಿಲ್ಲ, ಖುಲಾಸೆ. ಕ್ರಸ್ಟಿಚ್‌ಗೆ ಗೊತ್ತಿದ್ದದ್ದೇ ಸಾಕಾಗಿತ್ತಲ್ಲ ಎಂದರೆ, ಅವನು ಹತ್ತಿರದಲ್ಲಿದ್ದ, ಇವನು ದೂರ ಎಂಬುದು ಅವರ ಉತ್ತರ.

ಹೀಗೆ ಓದಲು ಕಾರಣಗಳಿವೆ, ಇಲ್ಲವೆನ್ನಲಾರೆ. ಇಲ್ಲವಾದರೆ ಯಾವುದೇ ದೇಶಕ್ಕೆ ಆಯುಧ ಮಾರಿದ, ನೆರವು ಕೊಟ್ಟ ಯಾವ ಸರ್ಕಾರದ ಅಧಿಕಾರಿಯೂ ಕಟಕಟೆಗೆ ಬರಬಹುದು. ಆದರೂ ಈ ತೀರ್ಪು ನನಗೆ ಒಪ್ಪಿಗೆಯಾಗುವುದಿಲ್ಲ. ಮಂಡಳಿಯ ಶಾಸನದ 7ನೇ ವಿಧಿಯಲ್ಲಿ ಈ ಷರತ್ತಿಲ್ಲ. 1999ರ ತಾದಿಚ್ ಮೇಲ್ಮನವಿ ತೀರ್ಪಿನಲ್ಲಿ ಹಾದುಹೋದ ಒಂದು ಪದಗುಚ್ಛಕ್ಕೆ ಇಲ್ಲಿ ಬಾಗಿಲ ಚಿಲಕದ ಕೆಲಸ ಕೊಡಲಾಯಿತು. 1967ರಲ್ಲಿ ಇದೇ ಮನುಷ್ಯ, ಜನರನ್ನು ಯಾವ ಗುರಿಯಿಂದ ಕಳಿಸಿದಿರಿ ಎಂಬುದು ಲೆಕ್ಕಕ್ಕಿಲ್ಲ ಎಂದಿದ್ದರು. ದೇಶದ ಹೊಣೆಗೂ ವ್ಯಕ್ತಿಯ ಕ್ರಿಮಿನಲ್ ಹೊಣೆಗೂ ಅಳತೆ ಬೇರೆ ಎಂಬುದು ನಿಜ. ಒಬ್ಬನನ್ನು 27 ವರ್ಷ ಒಳಗೆ ಹಾಕುವಾಗ ಹೆಚ್ಚು ಕೇಳಬೇಕು. ಆದರೆ ಸಂಬಳದ ಪಟ್ಟಿಯೇ ಕೈಯಲ್ಲಿರುವವನಿಗೆ ‘ದೂರ’ ಎಂಬ ಪದ ಹೇಗೆ ಹೊಂದುತ್ತದೆ?

ಸಹೋದ್ಯೋಗಿಗಳಿಗೂ ಹೊಂದಲಿಲ್ಲ. 2014ರ ಜನವರಿಯಲ್ಲಿ ಅದೇ ಮಂಡಳಿಯ ಇನ್ನೊಂದು ಮೇಲ್ಮನವಿ ಪೀಠ ಈ ಷರತ್ತನ್ನು ಕಿತ್ತುಹಾಕಿತು. ಅದಕ್ಕೂ ಮುನ್ನ, 2013ರಲ್ಲಿ, ಡೆನ್ಮಾರ್ಕಿನ ನ್ಯಾಯಾಧೀಶ ಫ್ರೆಡೆರಿಕ್ ಹಾರ್ಹೋಫ್ ತಮ್ಮ ಪರಿಚಯದವರಿಗೆ ಬರೆದ ಪತ್ರ ಪತ್ರಿಕೆಗೆ ಸೋರಿತು. ಅಧ್ಯಕ್ಷರು ಇತರ ನ್ಯಾಯಾಧೀಶರ ಮೇಲೆ ಒತ್ತಡ ತಂದರೆಂಬ ಗುಮಾನಿ ಅದರಲ್ಲಿತ್ತು, ಅಮೆರಿಕ, ಇಸ್ರೇಲ್ ಸೇನೆಗಳ ಹಿತದ ಸುಳಿವೂ ಇತ್ತು. ಆರೋಪ ಸಾಬೀತಾಗಲಿಲ್ಲ. ಪೂರ್ವಗ್ರಹ ಕಾಣುತ್ತದೆ ಎಂಬ ಕಾರಣಕ್ಕೆ ತಾವು ಕೇಳುತ್ತಿದ್ದ ಮೊಕದ್ದಮೆಯಿಂದ ಹೊರಬಿದ್ದದ್ದು ಹಾರ್ಹೋಫ್ ಅವರೇ. ಪಶ್ಚಿಮ ದಂಡೆಯ ಟಿಪ್ಪಣಿ ಬರೆದವರ ಮೇಲೆ ಇಸ್ರೇಲಿನ ಪಕ್ಷಪಾತದ ಗುಮಾನಿ ಎಂದರೆ, ಹುಡುಕಿದರೂ ಸಿಗದ ವಿಪರ್ಯಾಸ.

ವಿಪರ್ಯಾಸ ಅಷ್ಟಕ್ಕೇ ನಿಲ್ಲಲಿಲ್ಲ. ಸರ್ಬ್ ಜನರಲ್‌ಗಳನ್ನು ಬಿಟ್ಟುಬಿಡುತ್ತಾರೆ ಎಂದು ಸಂತ್ರಸ್ತರು ದೂರುತ್ತಿದ್ದ ಇದೇ ಮೆರಾನ್, ಸರ್ಬರ ವಿರುದ್ಧ ಪಕ್ಷಪಾತಿ ಎಂದು 2018ರಲ್ಲಿ ಬೊಸ್ನಿಯಾದ ಸರ್ಬ್ ಸೇನೆಯ ದಂಡನಾಯಕನಾಗಿದ್ದ ರಾತ್ಕೊ ಮ್ಲಾದಿಚ್‌ನ ವಕೀಲರು ಅರ್ಜಿ ಹಾಕಿದರು. ಹಳೆಯ ತೀರ್ಪುಗಳಲ್ಲಿ ಮ್ಲಾದಿಚ್‌ನ ಹೆಸರು ಬಂದಿದೆ ಎಂಬುದು ಕಾರಣ. ಅರ್ಜಿ ಗೆದ್ದಿತು, ಆ ಪೀಠದಿಂದ ಅವರನ್ನು ತೆಗೆದರು. ಅದೇ ತಿಂಗಳು ಬೊಸ್ನಿಯಾದ ಸರ್ಬರ ರಾಜಕೀಯ ನಾಯಕ ರಾದೊವಾನ್ ಕರಾಜಿಚ್‌ನ ಮೇಲ್ಮನವಿಯಿಂದ ಅವರೇ ಹಿಂದೆ ಸರಿದರು, ಆರೋಪದಲ್ಲಿ ಹುರುಳಿಲ್ಲ ಎಂದು ಬರೆದಿಟ್ಟು. ಯುಗೊಸ್ಲಾವಿಯ ಮತ್ತು ರುವಾಂಡ ನ್ಯಾಯಮಂಡಳಿಗಳ ಉಳಿಕೆ ಮೊಕದ್ದಮೆಗಳಿಗಾಗಿ ಮಾಡಿದ ಸಂಸ್ಥೆಯ ಅಧ್ಯಕ್ಷರಾಗಿ, ಶಿಕ್ಷೆಯ ಮೂರರಲ್ಲಿ ಎರಡು ಪಾಲು ಮುಗಿಸಿದವರನ್ನು ಅವಧಿಗೆ ಮುನ್ನ ಬಿಡುಗಡೆ ಮಾಡಿದ್ದಕ್ಕೆ ರುವಾಂಡದಿಂದ ಬಂದ ಸಿಟ್ಟು ಬೇರೆ.

ಇನ್ನು 49ನೇ ವಿಧಿಯ ಆ ಹಳೆಯ ಪ್ಯಾರಾ. ಶಾಶ್ವತ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕಾಗಿ 1998ರಲ್ಲಿ ರೋಮ್‌ನಲ್ಲಿ ಸಭೆ ಸೇರಿತು. ಮೆರಾನ್ ಅಮೆರಿಕದ ನಿಯೋಗದಲ್ಲಿದ್ದರು. ಅಲ್ಲಿ ಒಪ್ಪಿಗೆಯಾದ ಶಾಸನದ 8ನೇ ವಿಧಿ, ಆಕ್ರಮಿತ ನೆಲಕ್ಕೆ ತನ್ನ ಜನರನ್ನು ‘ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ’ ವರ್ಗಾಯಿಸುವುದನ್ನು ಯುದ್ಧಾಪರಾಧಗಳ ಪಟ್ಟಿಗೆ ಸೇರಿಸಿತು. 120 ದೇಶಗಳು ಪರ, 7 ವಿರೋಧ. ಭಾರತವೂ ಸೇರಿ 21 ದೇಶಗಳು ಮತ ಹಾಕಲಿಲ್ಲ. ವಿರೋಧಿಸಿದ ಇಸ್ರೇಲ್ ಕೊಟ್ಟ ಕಾರಣಗಳಲ್ಲಿ ಈ ಸಾಲೂ ಒಂದು. 2017ರಲ್ಲಿ, ಟಿಪ್ಪಣಿಗೆ ಐವತ್ತು ತುಂಬುವ ಹೊತ್ತಿಗೆ, ಮೆರಾನ್ ಪಶ್ಚಿಮ ದಂಡೆಯ ಬಗ್ಗೆ ಮತ್ತೆ ಒಂದು ಲೇಖನ ಬರೆದರು. ಈ ಸಲ ಗೋಪ್ಯವಾಗಿರಲಿಲ್ಲ, ಉತ್ತರವೂ ಬದಲಾಗಿರಲಿಲ್ಲ.

ಒಂದು ಪ್ರಶ್ನೆ ನನ್ನನ್ನು ಕಾಡುತ್ತಲೇ ಇತ್ತು. 1967ರಲ್ಲಿ ಸಲಹೆ ಕಸದ ಬುಟ್ಟಿಗೆ ಹೋದ ಮೇಲೂ ಅವರು ರಾಜೀನಾಮೆ ಏಕೆ ಕೊಡಲಿಲ್ಲ? ಸುಮಾರು ಹತ್ತು ವರ್ಷ ಅದೇ ಸರ್ಕಾರದ ಸೇವೆಯಲ್ಲಿದ್ದರು, ಕೆನಡಾಕ್ಕೆ ರಾಯಭಾರಿಯಾಗಿ ಹೋದರು. ಮನೆ ಕೆಡವುವುದು, ಗಡೀಪಾರು ಮಾಡುವುದು ಕಾನೂನಿಗೆ ವಿರುದ್ಧ ಎಂದು 1968ರಲ್ಲಿ ಇನ್ನೊಂದು ಟಿಪ್ಪಣಿ ಬರೆದರು ನಿಜ, ಅದೂ ಒಳಗಿನವರ ಕಣ್ಣಿಗೆ ಮಾತ್ರ. ವಕೀಲನ ಕೆಲಸ ಉತ್ತರ ಕೊಡುವುದು, ಕೇಳುವುದು ಬಿಡುವುದು ಕಕ್ಷಿದಾರನಿಗೆ ಬಿಟ್ಟದ್ದು ಎನ್ನಬಹುದು. ಕಕ್ಷಿದಾರ ಸರ್ಕಾರವಾದಾಗಲೂ ಅಷ್ಟೇ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಅಭಿಯೋಜಕ ಕರೀಂ ಖಾನ್, ಇಸ್ರೇಲ್ ಮತ್ತು ಹಮಾಸ್ ನಾಯಕರ ವಿರುದ್ಧ ಬಂಧನ ವಾರಂಟ್ ಕೇಳಲು ಸಾಕ್ಷ್ಯ ಸಾಕೇ ಎಂದು ಪರಿಶೀಲಿಸಲು ತಜ್ಞರ ಒಂದು ಸಮಿತಿ ಕರೆದರು. ಮೇ 20ರಂದು ವರದಿ ಹೊರಬಂತು. ಎರಡೂ ಕಡೆಯವರ ವಿರುದ್ಧ ಸಾಕು ಎಂಬುದು ಒಮ್ಮತದ ಉತ್ತರ. ಒಂದು ಕಡೆ ಕೊಲೆ, ಒತ್ತೆಯಾಳು. ಇನ್ನೊಂದು ಕಡೆ ಜನರನ್ನು ಹಸಿವಿಗೆ ದೂಡುವುದನ್ನೇ ಯುದ್ಧದ ಅಸ್ತ್ರ ಮಾಡಿಕೊಂಡದ್ದು. ಪಶ್ಚಿಮ ದಂಡೆಯ ನೆಲೆಗಳ ಮಾತು ಆ ಅರ್ಜಿಗಳಲ್ಲಿ ಇರಲಿಲ್ಲ.

ಸಹಿ ಹಾಕಿದವರಲ್ಲಿ ಮೆರಾನ್ ಒಬ್ಬರು, ಆಗ ಅವರಿಗೆ 94. ಅದೇ ಪುಟದಲ್ಲಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಅವರ ಹೆಸರೂ ಇದೆ. 2003ರಲ್ಲಿ ಅವರು ಬ್ರಿಟನ್ ವಿದೇಶಾಂಗ ಕಚೇರಿಯ ಉಪ ಕಾನೂನು ಸಲಹೆಗಾರರಾಗಿದ್ದರು. ಇರಾಕ್ ಮೇಲಿನ ಯುದ್ಧ ಕಾನೂನುಬಾಹಿರ ಎಂಬ ತಮ್ಮ ಮಾತಿಗೆ ಸರ್ಕಾರ ಕಿವಿಗೊಡದಿದ್ದಾಗ, ಮಾರ್ಚ್ ತಿಂಗಳಲ್ಲಿ, ಒಂದು ಪತ್ರ ಬರೆದಿಟ್ಟು ಕೆಲಸ ಬಿಟ್ಟು ಹೋದರು.